ಸಿಹಿನೀರಿನ ಪಾಚಿಯಿಂದ ನೀರಿನ ವಿಷಾಂಶ ತೆಗೆಯುವ ಬಗೆ

ಪಾಚಿ ನೀರನ್ನು ಶುದ್ಧ ಮಾಡುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ನೀರಿನಲ್ಲಿ ಕರಗಿರುವ ಸಾರಜನಕ, ರಂಜಕ, ಸೀಸ, ಕ್ಯಾಡ್ಮಿಯಂ, ತಾಮ್ರ ಮುಂತಾದವುಗಳಲ್ಲಿ ಕೆಲವನ್ನು ಪಾಚಿ ಒಳಗೆ ಎಳೆದುಕೊಳ್ಳುತ್ತದೆ, ಕೆಲವನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಆದರೆ ಅದನ್ನು ಬೆಳೆದಲ್ಲಿಯೇ ಬಿಟ್ಟರೆ ಕೆಲವು ವಾರಗಳಲ್ಲಿ ಸತ್ತು ಕೊಳೆತು, ತೆಗೆದುಕೊಂಡದ್ದನ್ನು ಅದೇ ನೀರಿಗೆ ಮರಳಿಸುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿಂದುಹಾಕುತ್ತದೆ. ನಮ್ಮ ಎಷ್ಟೋ ಕೆರೆಗಳು ವರ್ಷವಿಡೀ ಹಸಿರಾಗಿದ್ದೂ ಶುದ್ಧವಾಗದಿರುವುದಕ್ಕೆ ಇದೂ ಒಂದು ಕಾರಣ. ಶುದ್ಧೀಕರಣ ನಡೆಯುವುದು ಪಾಚಿ ನೀರಿನಿಂದ ಹೊರಬಂದಾಗ. ಕೆಳಗೆ ಹೇಳಿರುವ ಪ್ರತಿಯೊಂದು ಹಂತವೂ ಪಾಚಿಯನ್ನು ಸುಲಭವಾಗಿ ಹೊರತೆಗೆಯುವುದಕ್ಕಾಗಿಯೇ ಇದೆ ಎಂದು ಓದಿಕೊಳ್ಳಬಹುದು.

ಈ ವಿದ್ಯೆಯ ಚರಿತ್ರೆಯಲ್ಲಿಯೂ ತೊಡಕು ಬಂದದ್ದು ಕೊಯ್ಲಿನ ಹಂತದಲ್ಲಿಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವಿಲಿಯಂ ಆಸ್ವಾಲ್ಡ್ ಅವರು 1950ರ ದಶಕದಲ್ಲಿ ಕೊಳಚೆನೀರನ್ನು ಆಳವಿಲ್ಲದ ಕೊಳಗಳಲ್ಲಿ ನಿಧಾನವಾಗಿ ಸುತ್ತಿಸಿ ಪಾಚಿ ಬೆಳೆಸುವ ಕ್ರಮವನ್ನು ರೂಪಿಸಿದರು. ಅಲ್ಲಿ ಬೆಳೆಯುತ್ತಿದ್ದ ಕ್ಲೋರೆಲ್ಲಾ, ಸೀನೆಡೆಸ್ಮಸ್‌ಗಳಂಥ ಒಂಟಿಕೋಶದ ಪಾಚಿಗಳು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದವು. ಅವು ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ, ತಾವಾಗಿ ಬೇಗ ತಳ ಸೇರುವುದೂ ಇಲ್ಲ. ಬೇರ್ಪಡಿಸಲು ನೀರನ್ನು ರಭಸದಿಂದ ಸುತ್ತಿಸುವ ಸೆಂಟ್ರಿಫ್ಯೂಜ್ ಯಂತ್ರ ಬೇಕು, ಇಲ್ಲವೇ ಆಲಂನಂಥ ರಾಸಾಯನಿಕ ಬೇಕು. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು 1980ರ ದಶಕದಲ್ಲಿ ಬೇರೊಂದು ದಾರಿ ಹಿಡಿದರು: ಇಳಿಜಾರಿನಲ್ಲಿ ಬಲೆ ಹಾಸಿ, ಅದರ ಮೇಲೆ ತೆಳುವಾಗಿ ನೀರು ಹರಿಸಿ, ಬಲೆಗೆ ಅಂಟಿ ಬೆಳೆದ ಎಳೆಪಾಚಿಯನ್ನು, ಅಂದರೆ ನೂಲಿನಂಥ ಎಳೆಗಳಾಗಿ ಬೆಳೆಯುವ ಪಾಚಿಯನ್ನು, ಕೆರೆದು ತೆಗೆಯುವುದು. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸಂಶೋಧಕರೂ ಕ್ವೀನ್ಸ್‌ಲೆಂಡಿನ ಟರಾಂಗ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿಹೊಂಡದ ನೀರಿಗೆ ಈಡೋಗೋನಿಯಂ ಎಂಬ ಸಿಹಿನೀರಿನ ಎಳೆಪಾಚಿಯನ್ನೇ ಪ್ರಯೋಗಿಸಿದರು. ಸಣ್ಣ ಪ್ರಮಾಣದಲ್ಲಿ, ಕಡಿಮೆ ಖರ್ಚಿನಲ್ಲಿ ಮಾಡುವವರಿಗೆ ಎಳೆಪಾಚಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಲೇಜು ಪ್ರಯೋಗಾಲಯ, ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕ, ಸಣ್ಣ ಎಲೆಕ್ಟ್ರೋಪ್ಲೇಟಿಂಗ್ (ಲೋಹಲೇಪನ) ಘಟಕ ಇವುಗಳಿಗೆ ಈ ವಿಧಾನ ಒದಗುತ್ತದೆ. ಕುಡಿಯುವ ನೀರಿಗಾಗಿ ಇದನ್ನು ಬಳಸಬಾರದು.

ಮೊದಲು ನೀರಿನ ಪರೀಕ್ಷೆ

ಯಾವ ವಿಷ ಎಷ್ಟಿದೆ ಎಂದು ತಿಳಿಯದೆ ಪಾಚಿ ಬಿಟ್ಟರೆ ಉಪಯೋಗವಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ), ನೈಟ್ರೇಟ್, ಅಮೋನಿಯಾ, ಫಾಸ್ಫೇಟ್, ಕರಗಿದ ಲವಣಗಳ ಮೊತ್ತ, ಮತ್ತು ಅನುಮಾನವಿರುವ ಲೋಹಗಳು, ಇಷ್ಟನ್ನಾದರೂ ಪರೀಕ್ಷಿಸಿಕೊಳ್ಳಬೇಕು. ಲೋಹಗಳ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಿ ಕಳುಹಿಸಬೇಕು. ಹಾಗೆ ಮಾಡದಿದ್ದರೆ ಲೋಹದ ಒಂದು ಪಾಲು ಬಾಟಲಿಯ ಗೋಡೆಗೆ ಅಂಟಿಕೊಂಡು, ವರದಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನೈಟ್ರೇಟ್, ಫಾಸ್ಫೇಟ್‌ಗಳ ಮಾದರಿಯನ್ನು ಬೇರೆ ಬಾಟಲಿಯಲ್ಲಿ, ಈ ಆಮ್ಲವಿಲ್ಲದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದೇ ದಿನ ತಲುಪಿಸಬೇಕು.

ವರದಿ ಕೈಗೆ ಬಂದಾಗ ಯಾವ ಮಿತಿಯ ಜೊತೆ ಹೋಲಿಸುತ್ತಿದ್ದೇವೆ ಎಂಬುದು ಸ್ಪಷ್ಟವಿರಲಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮೀರುವಂತಿಲ್ಲ. ಕೈಗಾರಿಕೆಯ ನೀರನ್ನು ಕೆರೆ, ನದಿಗಳಿಗೆ ಬಿಡುವಾಗ ಅನ್ವಯಿಸುವ ಸಾಮಾನ್ಯ ಮಿತಿ ಸೀಸಕ್ಕೆ 0.1 ಮಿಲಿಗ್ರಾಂ, ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಆರು ವೇಲೆನ್ಸಿಯ ಕ್ರೋಮಿಯಂಗೆ 0.1 ಮಿಲಿಗ್ರಾಂ. ಬಿಡಬಹುದಾದ ನೀರು ಬೇರೆ, ಕುಡಿಯಬಹುದಾದ ನೀರು ಬೇರೆ.

ಪಾಚಿಯ ಕೈಲಾಗದ ಕೆಲಸಗಳನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೋಲಾರ, ಪಾವಗಡಗಳ ಕೊಳವೆಬಾವಿಗಳಲ್ಲಿರುವ ಫ್ಲೋರೈಡಿಗೆ ಇದು ಮದ್ದಲ್ಲ. ನೀರಿನ ಉಪ್ಪಿನಂಶ ಇದರಿಂದ ಇಳಿಯುವುದಿಲ್ಲ. ಆರ್ಸೆನಿಕ್ಕಿನ ಆರ್ಸೆನೇಟ್ ರೂಪ ಫಾಸ್ಫೇಟಿನ ದಾರಿಯಲ್ಲಿಯೇ ಜೀವಕೋಶದೊಳಗೆ ಹೋಗುವುದರಿಂದ, ಫಾಸ್ಫೇಟ್ ಹೆಚ್ಚಿರುವ ನೀರಿನಲ್ಲಿ ಪಾಚಿ ಆರ್ಸೆನಿಕ್ಕನ್ನು ತೆಗೆದುಕೊಳ್ಳುವುದು ಬಹಳ ಕಡಿಮೆಯಾಗುತ್ತದೆ. ಕೆರೆಗೆ ಒಂದು ಪೊಟ್ಟಣ ಪುಡಿ ಸುರಿದರೆ ಸಕಲ ಕೊಳೆಯೂ ಮಾಯವಾಗುತ್ತದೆ ಎಂದು ಮಾರಲು ಬರುವವರನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: ತೆಗೆದ ಕೊಳೆ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಪರೀಕ್ಷೆಯ ಫಲಿತಾಂಶವನ್ನು ನೋಡಿ ದಾರಿ ಆರಿಸಬೇಕು. ಮುಖ್ಯ ತೊಂದರೆ ಸಾರಜನಕ, ರಂಜಕಗಳದ್ದಾಗಿದ್ದು, ಲೋಹಗಳು ಅತ್ಯಲ್ಪವಾಗಿದ್ದರೆ ಜೀವಂತ ಪಾಚಿ ಬೇಕು. ಲೋಹಗಳೇ ಮುಖ್ಯವಾಗಿದ್ದರೆ ಒಣಗಿಸಿದ, ಸತ್ತ ಪಾಚಿ ಮೇಲು. ತಾಮ್ರದ ಸಲ್ಫೇಟು ಪಾಚಿ ಕೊಲ್ಲಲೆಂದೇ ಬಳಸುವ ವಸ್ತು ಎಂಬುದನ್ನು ನೆನೆದರೆ, ತಾಮ್ರ ತುಂಬಿದ ನೀರಿಗೆ ಜೀವಂತ ಪಾಚಿಯನ್ನು ಬಿಡುವುದು ಏಕೆ ವ್ಯರ್ಥವೆಂದು ತಿಳಿಯುತ್ತದೆ. ಕಳೆನಾಶಕ ಅಥವಾ ಕ್ಲೋರಿನ್ ಉಳಿದಿರುವ ನೀರಿಗೂ ಇದೇ ಮಾತು ಸಲ್ಲುತ್ತದೆ.

ಪಾಚಿಯನ್ನು ಗುರುತಿಸುವುದು

ಹೊರಗಿನಿಂದ ಬಿತ್ತನೆ ತರಿಸುವ ಅಗತ್ಯವಿಲ್ಲ; ಹತ್ತಿರದ ಕಾಲುವೆ, ಕಲ್ಯಾಣಿ, ಗದ್ದೆಯ ಬದಿಯ ನಿಂತ ನೀರಿನಲ್ಲಿ ಬೇಕಾದದ್ದು ಸಿಗುತ್ತದೆ, ಅದು ಅಲ್ಲಿಯ ಬಿಸಿಲಿಗೂ ನೀರಿಗೂ ಒಗ್ಗಿಕೊಂಡೂ ಇರುತ್ತದೆ. ಒಂದು ಹಿಡಿ ಎತ್ತಿ ಬೆರಳುಗಳ ನಡುವೆ ಉಜ್ಜಿದಾಗ ಲೋಳೆಯಾಗಿ ಜಾರಿಹೋದರೆ ಅದು ಬಹುಶಃ ಸ್ಪೈರೋಗೈರಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಕೋಶದೊಳಗೂ ಹಸಿರು ಪಟ್ಟಿ ಸುರುಳಿಯಾಗಿ ಸುತ್ತಿರುವುದು ಕಾಣುತ್ತದೆ. ಒದ್ದೆ ಹತ್ತಿಯಂತೆ ಒರಟಾಗಿದ್ದು, ಎಳೆಗಳು ಕವಲೊಡೆದಿದ್ದರೆ ಅದು ಕ್ಲ್ಯಾಡೋಫೋರಾ. ಕವಲಿಲ್ಲದ ಎಳೆಯ ಕೆಲವು ಕೋಶಗಳ ತುದಿಯಲ್ಲಿ ಒತ್ತಾದ ಉಂಗುರಗಳು ಕಂಡರೆ ಅದು ಈಡೋಗೋನಿಯಂ. ಇಳಿಜಾರಿನ ಬಲೆಗೆ ಕಚ್ಚಿಕೊಂಡು ನಿಲ್ಲುವುದರಲ್ಲಿ ಕ್ಲ್ಯಾಡೋಫೋರಾ, ಈಡೋಗೋನಿಯಂಗಳು ಮುಂದು. ಸ್ಪೈರೋಗೈರಾ ತೇಲುವ ಜಾತಿಯಾದ್ದರಿಂದ ಒಣಗಿಸಿ ಬಳಸುವುದಕ್ಕೆ ಹೊಂದುತ್ತದೆ. ಸುಣ್ಣದ ಕವಚವಿದ್ದು, ಹಿಸುಕಿದರೆ ಬೆಳ್ಳುಳ್ಳಿಯಂಥ ವಾಸನೆ ಬರುವ ಗಿಡರೂಪದ ಕ್ಯಾರಾ ಸಿಕ್ಕರೆ ಬಿಟ್ಟುಬಿಡಿ.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿರುವುದನ್ನು ಮಾತ್ರ ಮುಟ್ಟಬಾರದು. ಅದು ಹೆಚ್ಚಾಗಿ ಮೈಕ್ರೋಸಿಸ್ಟಿಸ್‌ನಂಥ ನೀಲಿಹಸಿರು ಬ್ಯಾಕ್ಟೀರಿಯಾ. ಅದು ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಯಕೃತ್ತಿಗೆ ಹಾನಿಕಾರಕ. ಕುಡಿಯುವ ನೀರಿನಲ್ಲಿ ಅದರ ಪ್ರಮುಖ ರೂಪಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಕೋಲಿನಿಂದ ಎತ್ತಿದರೆ ಎಳೆಯಾಗಿ ಬರುವುದು ನಮಗೆ ಬೇಕಾದದ್ದು, ಬಣ್ಣವಾಗಿ ಕದಡಿಹೋಗುವುದು ಬೇಡವಾದದ್ದು.

ಜೀವಂತ ಪಾಚಿಯ ಇಳಿಜಾರು ಹಾಸು

ಹಾಸಿನ ಅಳತೆಯನ್ನು ಜಾಗ ನೋಡಿ ನಿರ್ಧರಿಸುವವರೇ ಹೆಚ್ಚು. ನಿರ್ಧರಿಸಬೇಕಾದದ್ದು ಕೊಳೆಯ ಲೆಕ್ಕದಿಂದ. ದಿನಕ್ಕೆ 1000 ಲೀಟರ್ ನೀರು ಬರುತ್ತದೆ, ಅದರಲ್ಲಿ ಲೀಟರಿಗೆ 20 ಮಿಲಿಗ್ರಾಂ ಸಾರಜನಕವಿದೆ ಎಂದುಕೊಳ್ಳೋಣ. ಒಟ್ಟು ಸಾರಜನಕ ದಿನಕ್ಕೆ 20 ಗ್ರಾಂ. ಒಣಗಿದ ಪಾಚಿಯ ತೂಕದಲ್ಲಿ ಸಾರಜನಕವನ್ನು ಶೇಕಡ 5 ಎಂದು ಹಿಡಿದರೆ, ಅಷ್ಟನ್ನು ಹೊರತೆಗೆಯಲು ದಿನಕ್ಕೆ 400 ಗ್ರಾಂ ಒಣಪಾಚಿ ಬೆಳೆಯಬೇಕು. ಒಳ್ಳೆಯ ಬಿಸಿಲಿನಲ್ಲಿ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣತೂಕ ಬೆಳೆಯುತ್ತದೆಂದು ಸಂಯಮದಿಂದ ಲೆಕ್ಕ ಹಾಕಿದರೆ ಬೇಕಾಗುವ ಹಾಸು 40 ಚದರ ಮೀಟರ್. ಒಂದು ಸಾವಿರ ಲೀಟರಿಗೆ ಇಷ್ಟು ಜಾಗವೇ ಎಂದು ಹಲವರು ಇಲ್ಲಿಯೇ ಕೈಬಿಡುತ್ತಾರೆ, ಮತ್ತು ಜಾಗವಿಲ್ಲದವರು ಕೈಬಿಡುವುದೇ ಸರಿ. ಟೆರೇಸಿನ ಮೂಲೆಯಲ್ಲಿ ಎರಡು ಡ್ರಮ್ಮುಗಳಲ್ಲಿ ಪಾಚಿ ಬೆಳೆಸಿ ಇಡೀ ಅಪಾರ್ಟ್‌ಮೆಂಟಿನ ನೀರು ಶುದ್ಧವಾಯಿತೆಂದು ಹೇಳುವುದು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಜಾಗವಿದ್ದರೆ ಕಟ್ಟುವುದು ಕಷ್ಟವಲ್ಲ. ಮರದ ನೆರಳು ಬೀಳದ ಕಡೆ ನೆಲವನ್ನು ಪ್ರತಿ 100 ಸೆಂಟಿಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಯುವಂತೆ ಸಮಮಾಡಿ, ಎರಡೂ ಬದಿಗೆ ಇಟ್ಟಿಗೆಯ ಅಂಚು ಕಟ್ಟಿ, ಕೃಷಿಹೊಂಡಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕು. ಅದರ ಮೇಲೆ 3ರಿಂದ 5 ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆಯನ್ನು ಸುಕ್ಕಿಲ್ಲದಂತೆ ಎಳೆದು ಬಿಗಿಯಬೇಕು. ಬಲೆ ಎದ್ದಿರುವ ಕಡೆ ನೀರು ಪಕ್ಕಕ್ಕೆ ಸರಿದು, ಆ ಜಾಗ ಒಣಗಿ ಬೆಳ್ಳಗಾಗುತ್ತದೆ. ಮೇಲ್ತುದಿಯಲ್ಲಿ ಅಗಲಕ್ಕೂ ತೂತುಗಳಿರುವ ಕೊಳವೆಯಿಟ್ಟು ನೀರನ್ನು ಸಮವಾಗಿ ಹಂಚಬಹುದು. ಇನ್ನೂ ಮೇಲಾದದ್ದು, ತುಂಬಿದಾಗ ತಾನೇ ಮಗುಚಿಕೊಳ್ಳುವ ತೊಟ್ಟಿ. ಹಾಗೆ ನೀರು ಅಲೆಅಲೆಯಾಗಿ ಬಂದಾಗ ಎಳೆಗಳು ಅತ್ತಿತ್ತ ಓಲಾಡಿ, ಕೆಳಗಿನ ಎಳೆಗಳಿಗೂ ಬೆಳಕು ಮುಟ್ಟುತ್ತದೆ, ಎಳೆಯ ಸುತ್ತ ನಿಂತಿರುವ ನೀರೂ ಬದಲಾಗುತ್ತದೆ. ನೀರಿನ ದಪ್ಪ ಒಂದೆರಡು ಸೆಂಟಿಮೀಟರ್ ಮೀರದಿರಲಿ. ಕೆಳತುದಿಯಲ್ಲಿ ಒಂದು ಸಂಪು, ಅದರಿಂದ ಮೇಲಕ್ಕೆ ಮರಳಿಸಲು ಒಂದು ಸಣ್ಣ ಪಂಪು. ಹಾಸಿನ ಮೇಲೆ ಒಂದು ಸಲ ಹರಿದ ಮಾತ್ರಕ್ಕೆ ಕೆಲಸ ಮುಗಿಯದು, ಅದೇ ನೀರು ಮತ್ತೆ ಮತ್ತೆ ಹರಿಯಬೇಕು.

ಸಂಗ್ರಹಿಸಿದ ಪಾಚಿಯನ್ನು ಕತ್ತರಿಸಿ ಬಲೆಯ ಮೇಲೆ ಹರಡಿ, ಮೊದಲ ಕೆಲವು ದಿನ ನೀರನ್ನು ನಿಧಾನವಾಗಿ ಬಿಟ್ಟರೆ ಅದು ಕಚ್ಚಿಕೊಳ್ಳುತ್ತದೆ. ಬಿಸಿಲುಗಾಲದಲ್ಲಿ ವಾರಕ್ಕೊಮ್ಮೆ, ಮೋಡವಿದ್ದಾಗ ಹತ್ತು ಹನ್ನೆರಡು ದಿನಗಳಿಗೊಮ್ಮೆ ಪಂಪು ನಿಲ್ಲಿಸಿ, ನೀರು ಬಸಿದ ಮೇಲೆ ಪ್ಲಾಸ್ಟಿಕ್ ಅಂಚಿನ ಗೋರಣಿಯಿಂದ ಪಾಚಿಯನ್ನು ಕೆರೆದು ತೆಗೆಯಬೇಕು. ಬಲೆಯ ಕಣ್ಣುಗಳೊಳಗೆ ಹೂತಿರುವ ಬುಡವನ್ನು ಬಿಟ್ಟು ಮೇಲಿನದನ್ನಷ್ಟೇ ತೆಗೆದರೆ ಮರುದಿನದಿಂದಲೇ ಮತ್ತೆ ಚಿಗುರುತ್ತದೆ. ಚೆನ್ನಾಗಿ ಬೆಳೆದಿದೆ, ನೋಡಲು ಸೊಂಪಾಗಿದೆ ಎಂದು ಕೊಯ್ಲನ್ನು ಮುಂದೂಡಿದರೆ ಕೆಳಪದರಕ್ಕೆ ಬೆಳಕು ಸಿಗದೆ ಅದು ಕಂದುಬಣ್ಣಕ್ಕೆ ತಿರುಗಿ, ಒಂದು ದಿನ ಚಾಪೆಚಾಪೆಯಾಗಿ ಕಿತ್ತು ಸಂಪಿಗೆ ಬೀಳುತ್ತದೆ. ಅಷ್ಟೂ ದಿನ ಹಿಡಿದಿಟ್ಟ ಸಾರಜನಕ ಅಲ್ಲಿ ಕೊಳೆತು ನೀರಿಗೆ ಸೇರುತ್ತದೆ. ಹುಳುಗಳ ಕಾಟಕ್ಕೂ ಕೊಯ್ಲೇ ಪರಿಹಾರ. ಕೈರೋನಾಮಿಡ್ ನೊಣದ ಕೆಂಪು ಮರಿಹುಳುಗಳು ಹಾಸಿನಲ್ಲಿ ಗೂಡುಕಟ್ಟಿ ಪಾಚಿಯನ್ನು ಸವೆಸುತ್ತವೆ. ಕೊಯ್ಲಿನ ಅಂತರವನ್ನು ಒಂದೆರಡು ದಿನ ಕಡಿಮೆ ಮಾಡಿದರೆ ಅವು ದೊಡ್ಡದಾಗುವ ಮೊದಲೇ ಪಾಚಿಯೊಂದಿಗೆ ಹೊರಬರುತ್ತವೆ.

ಹೊರಬರುವ ನೀರನ್ನು ಪರೀಕ್ಷಿಸುವ ಹೊತ್ತು ಮುಖ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುವುದರಿಂದ ಪಿಎಚ್ 9ನ್ನು ದಾಟಬಲ್ಲದು. ಆಗ ರಂಜಕದ ಒಂದು ಪಾಲು ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿಯಾಗಿ ಕುಳಿತುಬಿಡುತ್ತದೆ, ಅಮೋನಿಯಾದ ಒಂದು ಪಾಲು ಗಾಳಿಗೆ ಹಾರುತ್ತದೆ, ಕರುಳಿನ ರೋಗಾಣುಗಳೂ ಬೇಗ ಸಾಯುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಉಸಿರಾಡುವುದರಿಂದ ಬೆಳಗಿನ ಜಾವದ ಚಿತ್ರ ತಿರುಗುಮುರುಗು. ಮಧ್ಯಾಹ್ನ 2 ಗಂಟೆಯ ಮಾದರಿಯೊಂದನ್ನೇ ತೋರಿಸಿ ಘಟಕ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳುವುದು ಸುಲಭ. ಬೆಳಿಗ್ಗೆ 6 ಗಂಟೆಯ ಮಾದರಿಯನ್ನೂ ಹಿಡಿದು ಎರಡನ್ನೂ ದಾಖಲಿಸಿದರೆ ಮಾತ್ರ ಅದಕ್ಕೆ ಬೆಲೆ. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳುವರಿ ಬಹಳ ತಗ್ಗುವುದರಿಂದ ಆ ತಿಂಗಳುಗಳಿಗೆ ಬೇರೊಂದು ವ್ಯವಸ್ಥೆ ಇರಲೇಬೇಕು.

ಇದನ್ನು ಸಂಸ್ಕರಣಾ ಘಟಕದ ಬದಲಿಗೆ ಎಂದು ಭಾವಿಸದೆ, ಅದರ ನಂತರದ ಹಂತವಾಗಿ ಇಟ್ಟುಕೊಳ್ಳಬೇಕು. ಬೆಂಗಳೂರಿನ ಜಕ್ಕೂರು ಕೆರೆಗೆ ಬರುವ ಸಂಸ್ಕರಿಸಿದ ನೀರು ಮೊದಲು ಜೊಂಡು ಮತ್ತು ಪಾಚಿಗಳಿರುವ ಜೌಗುಭಾಗವನ್ನು ಹಾದು ಬರುತ್ತದೆ; ಘಟಕ ಬಿಟ್ಟ ಪೋಷಕಾಂಶಗಳಲ್ಲಿ ಒಂದು ಪಾಲು ಅಲ್ಲಿ ಕಳೆಯುತ್ತದೆ. ಕಚ್ಚಾ ಕೊಳಚೆಯನ್ನೇ ಹಾಸಿನ ಮೇಲೆ ಹರಿಸಿದರೆ ಎರಡೇ ದಿನಗಳಲ್ಲಿ ಬೂದುಬಣ್ಣದ ಲೋಳೆ ಪಾಚಿಯನ್ನು ಮುಚ್ಚಿಬಿಡುತ್ತದೆ.

ಲೋಹಗಳಿಗೆ ಒಣಪಾಚಿ

ಪಾಚಿಯ ಕೋಶಭಿತ್ತಿಯಲ್ಲಿ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್, ಫಾಸ್ಫೇಟ್, ಅಮೈನೋ ಎಂಬ ರಾಸಾಯನಿಕ ಗುಂಪುಗಳಿರುತ್ತವೆ. ಧನ ವಿದ್ಯುದಂಶವುಳ್ಳ ಸೀಸ, ಕ್ಯಾಡ್ಮಿಯಂ, ತಾಮ್ರ, ನಿಕಲ್, ಸತುವಿನ ಅಯಾನುಗಳು ಅಲ್ಲಿದ್ದ ಕ್ಯಾಲ್ಸಿಯಂ ಅಥವಾ ಹೈಡ್ರೋಜನ್ನನ್ನು ತಳ್ಳಿ ಆ ಜಾಗ ಹಿಡಿಯುತ್ತವೆ. ಇದಕ್ಕೆ ಕೋಶ ಬದುಕಿರಬೇಕಾಗಿಲ್ಲ. ಸತ್ತ ಪಾಚಿಗೆ ಬೆಳಕು ಬೇಡ, ಗೊಬ್ಬರ ಬೇಡ, ವಿಷದ ಭಯವೂ ಇಲ್ಲ. ರೂರ್ಕಿಯ ಐಐಟಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಣಗಿಸಿದ ಸ್ಪೈರೋಗೈರಾ ಪಿಎಚ್ 5ರಲ್ಲಿ ಗ್ರಾಂಗೆ ಸುಮಾರು 140 ಮಿಲಿಗ್ರಾಂ ಸೀಸವನ್ನು ಹಿಡಿಯಿತು. ಆದರೆ ಅದು ಸೀಸ ಬಹಳ ಹೆಚ್ಚಿದ್ದ ಪ್ರಯೋಗಾಲಯದ ದ್ರಾವಣದಲ್ಲಿ ಬಂದ ಗರಿಷ್ಠ ಅಂಕಿ. ಸೀಸ ಕಡಿಮೆಯಿದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಪೈಪೋಟಿ ಮಾಡುವ ನಿಜವಾದ ನೀರಿನಲ್ಲಿ ಗ್ರಾಂಗೆ 10 ಮಿಲಿಗ್ರಾಂ ಎಂದು ಹಿಡಿದು ಶುರುಮಾಡುವುದು ಜಾಣತನ.

ಪಾಚಿಯನ್ನು ಬಕೆಟ್ಟಿನಲ್ಲಿ ಹಲವು ಸಲ ತೊಳೆದು, ಬಸವನಹುಳು, ಮರಳು, ಎಲೆಚೂರುಗಳನ್ನು ತೆಗೆದು, ಮೊದಲು ನೆರಳಿನಲ್ಲಿ ಹರಡಿ, ಆಮೇಲೆ 60 ಡಿಗ್ರಿ ಸೆಲ್ಸಿಯಸ್ಸಿನ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. ಹಸಿ ಪಾಚಿಯ ಬಹುಪಾಲು ನೀರೇ ಆದ್ದರಿಂದ ದೊಡ್ಡ ಬುಟ್ಟಿ ತಂದರೂ ಕೊನೆಗೆ ಉಳಿಯುವುದು ಒಂದೆರಡು ಹಿಡಿ. ಅದನ್ನು ಪುಡಿಮಾಡಿ ಅರ್ಧದಿಂದ 1 ಮಿಲಿಮೀಟರ್ ಗಾತ್ರದ ಚೂರುಗಳನ್ನು ಮಾತ್ರ ಜರಡಿ ಹಿಡಿದುಕೊಳ್ಳಿ. ನುಣ್ಣನೆಯ ಹಿಟ್ಟು ಕೊಳವೆಯನ್ನು ಕಟ್ಟಿಬಿಡುತ್ತದೆ. ಆ ಚೂರುಗಳನ್ನು 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ತೊಳೆದ ನೀರು ಬಣ್ಣಬಿಡುವುದು ನಿಲ್ಲುವವರೆಗೆ ತೊಳೆಯಬೇಕು. ಈ ಹಂತವನ್ನು ಬಿಟ್ಟವರ ಕೊಳವೆಯಿಂದ ಮೊದಲ ದಿನವೆಲ್ಲ ಹಳದಿ ನೀರು ಬರುತ್ತದೆ.

75 ಮಿಲಿಮೀಟರ್ ವ್ಯಾಸದ ಪಿವಿಸಿ ಕೊಳವೆಯಲ್ಲಿ, ಎರಡೂ ತುದಿಗೆ ನೈಲಾನ್ ಬಟ್ಟೆ ಮತ್ತು ಜಲ್ಲಿಯ ತೆಳುಪದರ ಕೊಟ್ಟು, ನೆನೆದ ಪಾಚಿಯನ್ನು 60 ಸೆಂಟಿಮೀಟರ್ ಎತ್ತರಕ್ಕೆ ಒತ್ತದೆ ತುಂಬಬೇಕು. ಒಣಗಿದ್ದಾಗಲೇ ತುಂಬಿದರೆ ನೆನೆದು ಉಬ್ಬಿ ಹರಿವು ನಿಂತುಹೋಗುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಹರಿಯಲಿ. ಮೇಲಿನಿಂದ ಬಿಟ್ಟರೆ ಅದು ತನಗೊಂದು ಸೀಳುದಾರಿ ಮಾಡಿಕೊಂಡು ಪಾಚಿಯನ್ನು ಮುಟ್ಟದೆಯೇ ಇಳಿದುಹೋಗುತ್ತದೆ. ಈ ಅಳತೆಯ ಪಾಚಿಪದರದ ಗಾತ್ರ ಸುಮಾರು 2.6 ಲೀಟರ್ ಆದ್ದರಿಂದ, ಗಂಟೆಗೆ 5 ಲೀಟರ್ ಹರಿಸಿದರೆ ನೀರಿಗೆ ಅರ್ಧ ಗಂಟೆಯ ಸಂಪರ್ಕ ಸಿಗುತ್ತದೆ, ಅಷ್ಟು ಸಾಕು. ಒಳಗೆ 300 ಗ್ರಾಂ ಒಣತೂಕದ ಪಾಚಿಯಿದ್ದು ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಸೀಸವಿದ್ದರೆ, ಮೇಲಿನ ಅಂದಾಜಿನಂತೆ ಒಂದು ಕೊಳವೆ 600 ಲೀಟರಿಗೆ ಬರುತ್ತದೆ. ಎರಡು ಕೊಳವೆಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರಿಂದ ಹೊರಬರುವ ನೀರಿನಲ್ಲಿ ಲೋಹ ಏರತೊಡಗಿದ ಕೂಡಲೇ ಅದನ್ನು ಕಳಚಿ, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಸೇರಿಸುವುದು ಕ್ಷೇಮ.

ಪಿಎಚ್ ಮೇಲೆ ಸದಾ ಕಣ್ಣಿರಬೇಕು. ಸೀಸ, ಕ್ಯಾಡ್ಮಿಯಂ, ತಾಮ್ರಗಳಿಗೆ 4.5ರಿಂದ 5.5ರ ನಡುವೆ ಒಳ್ಳೆಯದು. 3ಕ್ಕಿಂತ ಕೆಳಗಿಳಿದರೆ ಹೈಡ್ರೋಜನ್ ಅಯಾನುಗಳೇ ಜಾಗಗಳನ್ನು ಆಕ್ರಮಿಸುತ್ತವೆ. ಹೆಚ್ಚು ಮೇಲೇರಿದರೆ ಲೋಹ ಹೈಡ್ರಾಕ್ಸೈಡ್ ಆಗಿ ತಾನೇ ಗಟ್ಟಿಯಾಗಿ ಕುಳಿತುಕೊಳ್ಳುತ್ತದೆ, ಅದನ್ನು ಪಾಚಿಯ ಸಾಧನೆಯೆಂದು ಬರೆದುಕೊಳ್ಳುವ ವಿದ್ಯಾರ್ಥಿ ವರದಿಗಳು ಅಪರೂಪವಲ್ಲ. ಪಾಚಿಯಿಲ್ಲದ ಒಂದು ಬೀಕರನ್ನು ಅದೇ ಪಿಎಚ್‌ನಲ್ಲಿ ಪಕ್ಕದಲ್ಲಿಟ್ಟು ಹೋಲಿಸಿದರೆ ಇದು ತಿಳಿಯುತ್ತದೆ. ಹೊರಬಿಡುವ ಮುನ್ನ ನೀರಿನ ಪಿಎಚ್ಚನ್ನು 5.5ರಿಂದ 9ರ ಮಿತಿಯೊಳಗೆ ಮತ್ತೆ ತರಬೇಕು.

ಕ್ರೋಮಿಯಂನ ಕಥೆ ಬೇರೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ದಟ್ಟವಾಗಿರುವ ಬೆಂಗಳೂರಿನ ಪೀಣ್ಯದಂಥ ಕಡೆ ಅಂತರ್ಜಲಕ್ಕೆ ಸೇರಿರುವ ಆರು ವೇಲೆನ್ಸಿಯ ಕ್ರೋಮಿಯಂ, ಕ್ರೋಮೇಟ್ ಎಂಬ ಋಣ ಅಯಾನಿನ ರೂಪದಲ್ಲಿರುವುದರಿಂದ ಪಿಎಚ್ 5ರಲ್ಲಿ ಪಾಚಿಗೆ ಸರಿಯಾಗಿ ಅಂಟುವುದಿಲ್ಲ. ರೂಢಿಯಲ್ಲಿರುವಂತೆ ಪಿಎಚ್ 2ರಿಂದ 3ರಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಮೂರು ವೇಲೆನ್ಸಿಯ ರೂಪಕ್ಕೆ ಇಳಿಸಿ, ಸುಣ್ಣ ಹಾಕಿ ಬಹುಪಾಲನ್ನು ಕೆಸರಾಗಿ ತೆಗೆದು, ಉಳಿದ ಅಲ್ಪಾಂಶಕ್ಕೆ ಮಾತ್ರ ಪಾಚಿಯ ಕೊಳವೆಯನ್ನು ಬಳಸಬೇಕು. ಉಳಿದ ಲೋಹಗಳಿಗೂ ಇದೇ ಕ್ರಮ: ಸುಣ್ಣ ಮೊದಲು, ಪಾಚಿ ಕೊನೆಗೆ.

ಹೊರಬರುವ ನೀರಿನ ಮಾದರಿಯನ್ನು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ ಒಂದು, ಸೋಸದೆ ಒಂದು, ಹೀಗೆ ಎರಡು ಬಾಟಲಿ ಕಳುಹಿಸಬೇಕು. ಸೋಸದ ಬಾಟಲಿಯಲ್ಲಿ ಮಾತ್ರ ಲೋಹ ಹೆಚ್ಚಿದ್ದರೆ ಪಾಚಿಯ ಚೂರುಗಳೇ ಕೊಳವೆಯಿಂದ ತಪ್ಪಿಸಿಕೊಳ್ಳುತ್ತಿವೆ ಎಂದು ಅರ್ಥ, ಬಟ್ಟೆಯನ್ನು ಬದಲಿಸಿ.

ಬಳಸಿದ ಪಾಚಿ

ಲೋಹವಿಲ್ಲದ ನೀರಿನಲ್ಲಿ ಬೆಳೆದು ಕೊಯ್ದ ಪಾಚಿಯನ್ನು ಒಣಹುಲ್ಲು, ಸಗಣಿಯೊಂದಿಗೆ ಕೊಳೆಸಿ ಗೊಬ್ಬರ ಮಾಡಬಹುದು, ಆದರೆ ವರ್ಷಕ್ಕೊಮ್ಮೆಯಾದರೂ ಅದರಲ್ಲಿ ಸೀಸ, ಕ್ಯಾಡ್ಮಿಯಂ ಪರೀಕ್ಷೆಯಾಗಬೇಕು. ನೀರಿನಲ್ಲಿ ಕಾಣಿಸದಷ್ಟು ಅಲ್ಪವಿದ್ದ ಲೋಹವೂ ಪಾಚಿಯಲ್ಲಿ ಸೇರಿ ಸೇರಿ ಕಾಣುವಷ್ಟಾಗುತ್ತದೆ. ಅದನ್ನು ದನಕ್ಕೂ ಮೀನಿಗೂ ಹಾಕಬಾರದು.

ಲೋಹ ಹೀರಿದ ಪಾಚಿಯನ್ನು ಗೊಬ್ಬರ ಮಾಡುವಂತಿಲ್ಲ, ಕಸದ ಗಾಡಿಗೆ ಹಾಕುವಂತಿಲ್ಲ, ಸುಡುವಂತೆಯೂ ಇಲ್ಲ. ಸುಟ್ಟರೆ ಕ್ಯಾಡ್ಮಿಯಂ ಹೊಗೆಯೊಂದಿಗೆ ಹೋಗುತ್ತದೆ. ತುಂಬಿದ ಕೊಳವೆಗೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಹರಿಸಿದರೆ ಲೋಹದ ಬಹುಪಾಲು ಕಡಿಮೆ ನೀರಿನಲ್ಲಿ ದಟ್ಟವಾಗಿ ಹೊರಬರುತ್ತದೆ. ಆ ದ್ರಾವಣವನ್ನು ಸುಣ್ಣದ ತೊಟ್ಟಿಗೆ ಮರಳಿಸಿ, ಪಾಚಿಯನ್ನು ತೊಳೆದು, ಮತ್ತೆ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ನೆನೆಸಿ ಮರುಬಳಸಬಹುದು. ಪ್ರತಿ ಸುತ್ತಿನಲ್ಲಿಯೂ ಅದರ ಹಿಡಿತ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಹೊಸ ಪಾಚಿಯ ಅರ್ಧದಷ್ಟೂ ಹಿಡಿಯದಾದಾಗ ಬದಲಿಸಬೇಕು. ಆ ಪಾಚಿಯನ್ನೂ ಸುಣ್ಣದ ತೊಟ್ಟಿಯ ಕೆಸರನ್ನೂ ಒಣಗಿಸಿ, ಎರಡು ಪದರದ ಚೀಲದಲ್ಲಿ ಕಟ್ಟಿ, ಒಳಗಿರುವ ಲೋಹ, ತೂಕ ಮತ್ತು ದಿನಾಂಕವನ್ನು ಚೀಟಿಯಲ್ಲಿ ಬರೆದು, ಮಳೆ ತಾಗದ ಕಡೆ ಬೀಗ ಹಾಕಿಡಬೇಕು. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳಂತೆ ಅದು ಹೋಗಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ವಿಲೇವಾರಿ ಕೇಂದ್ರಕ್ಕೆ. ಕಾಲೇಜುಗಳು ವರ್ಷಕ್ಕೆ ಕೆಲವೇ ಕಿಲೋ ಇಂಥ ತ್ಯಾಜ್ಯವನ್ನು ಮಾಡುವುದರಿಂದ, ಈಗಾಗಲೇ ಆ ಕೇಂದ್ರದ ಸದಸ್ಯತ್ವವಿರುವ ಸಂಸ್ಥೆಯೊಂದಿಗೆ ಅಥವಾ ಮಂಡಳಿಯ ಪ್ರಾದೇಶಿಕ ಕಚೇರಿಯೊಂದಿಗೆ ಪ್ರಯೋಗ ಆರಂಭಿಸುವ ಮುನ್ನವೇ ಮಾತಾಡಿಕೊಂಡು, ಚೀಲಗಳನ್ನು ಯಾರು ಯಾವಾಗ ಒಯ್ಯುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದಿರಬೇಕು.